ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ?

ಯಂತ್ರವೊಂದನ್ನು ರಚಿಸುವ ಎಂಜಿನಿಯರು ಅದರ ಭಾಗಗಳು ಹೇಗೆ ಚಲಿಸುತ್ತವೆಂಬುದನ್ನು ಮೊದಲು ವಿಚಾರಿಸುತ್ತಾನೆ. ಬಸ್ಸು, ನೀರು, ಆಸ್ಪತ್ರೆ ಮೊದಲಾದ ನಗರಸೇವೆಗಳನ್ನು ರೂಪಿಸುವವರು ಅವನ್ನು ಬಳಸುವ ಮನುಷ್ಯನ ನಡೆಯನ್ನು ಮೊದಲು ವಿಚಾರಿಸಬೇಕು. ಈ ದೃಷ್ಟಿಯಿಂದ ಹೊರಡುವ ವಿಧಾನಕ್ಕೆ ವಿನ್ಯಾಸ ಚಿಂತನೆಯೆಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ ಐದು ಹಂತಗಳನ್ನು ಹೇಳುವುದುಂಟು: ಬಳಸುವವರ ಕಷ್ಟವನ್ನು ಅವರ ಸ್ಥಾನದಲ್ಲಿ ನಿಂತು ಅರಿಯುವುದು, ಸಮಸ್ಯೆಯನ್ನು ಖಚಿತವಾಗಿ ನಿರೂಪಿಸುವುದು, ಪರಿಹಾರಗಳನ್ನು ಕಲ್ಪಿಸುವುದು, ಅಲ್ಪವೆಚ್ಚದ ಮಾದರಿಯೊಂದನ್ನು ರಚಿಸುವುದು, ಅದನ್ನು ಜನರ ನಡುವೆ ಪರೀಕ್ಷಿಸಿ ತಿದ್ದುವುದು.

ಉದಾಹರಣೆಗೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಗೆಂದು ಮಾನಸಗಂಗೋತ್ರಿಗೆ ಹೊರಟಿದ್ದಾಳೆಂದು ಭಾವಿಸೋಣ. ಆಕೆ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಇಳಿದು, ಬೇರೆಡೆಯಿರುವ ನಗರ ಬಸ್ ನಿಲ್ದಾಣವನ್ನು ಸೇರಬೇಕು. ಕಚೇರಿಯ ಲೆಕ್ಕದಲ್ಲಿ ಇವು ಎರಡು ಸೇವೆಗಳು. ಆಕೆಗಾದರೋ ಒಂದೇ ಪ್ರಯಾಣ. ಎರಡು ಬಸ್ಸುಗಳೂ ವೇಳೆಗೆ ಸರಿಯಾಗಿ ಓಡಿದರೂ, ನಡುವೆ ದಾರಿ ತಿಳಿಯದಿದ್ದರೆ ಪರೀಕ್ಷೆ ತಪ್ಪುತ್ತದೆ. ಸೇವೆಗಳು ಬಹುಮಟ್ಟಿಗೆ ಸೋಲುವುದು ಇಂತಹ ಸಂಧಿಸ್ಥಾನಗಳಲ್ಲಿಯೇ.

ಮುಂದಿನ ಕಷ್ಟ ಕಾಯುವಿಕೆ. 2012ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಮೈಸೂರಿನ ನಗರ ಬಸ್ಸುಗಳಿಗೆ ಚತುರ ಸಾರಿಗೆ ವ್ಯವಸ್ಥೆಯನ್ನು ಅಳವಡಿಸಿತು. ಇಂತಹ ವ್ಯವಸ್ಥೆಯಲ್ಲಿ ಬಸ್ಸಿನಲ್ಲಿರುವ ಉಪಕರಣವು ಕನಿಷ್ಠ ನಾಲ್ಕು ಉಪಗ್ರಹಗಳ ರೇಡಿಯೋ ಸಂಕೇತಗಳನ್ನು ಗ್ರಹಿಸಿ ತಾನಿರುವ ಸ್ಥಳವನ್ನು ಗಣಿಸುತ್ತದೆ. ಆ ಮಾಹಿತಿ ಮೊಬೈಲ್ ಜಾಲದ ಮೂಲಕ ನಿಯಂತ್ರಣ ಕೇಂದ್ರವನ್ನು ಸೇರುತ್ತದೆ. ಬಸ್ಸು 3 ಕಿಲೋಮೀಟರ್ ದೂರದಲ್ಲಿದ್ದು, ಅದರ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಆಗಿದ್ದರೆ, ಬರಲು 12 ನಿಮಿಷ ಬೇಕು. ಇಂತಹ ಅಂದಾಜು ನಿಲ್ದಾಣದ ಫಲಕದ ಮೇಲೆ ಮೂಡುತ್ತದೆ.

ಇದರಿಂದ ಬಸ್ಸಿನ ವೇಗವೇನೂ ಹೆಚ್ಚುವುದಿಲ್ಲ. ಆದರೆ ಅವಧಿ ತಿಳಿದಿರುವ ಕಾಯುವಿಕೆಗಿಂತ ತಿಳಿಯದ ಕಾಯುವಿಕೆ ದೀರ್ಘವೆನಿಸುವುದು ಮನಸ್ಸಿನ ಸ್ವಭಾವ. 12 ನಿಮಿಷವಿದೆಯೆಂದು ತಿಳಿದವರು ನೀರು ಕುಡಿದು ಬರಬಹುದು, ತಡವಾಗುವಂತಿದ್ದರೆ ಆಟೋ ಹಿಡಿಯಬಹುದು. ಓದು ಬಾರದವರಿಗೆ ಮಾತ್ರ ಫಲಕದಿಂದ ಪ್ರಯೋಜನವಿಲ್ಲ. ಅವರಿಗೆ ಧ್ವನಿಯ ಘೋಷಣೆ ಬೇಕು. ಕೆಟ್ಟು ತಪ್ಪು ವೇಳೆ ತೋರಿಸುವ ಫಲಕವಂತೂ ಫಲಕವಿಲ್ಲದುದಕ್ಕಿಂತ ಹಾನಿಕರ. ಆದುದರಿಂದ ವಿನ್ಯಾಸವು ಉದ್ಘಾಟನೆಯ ದಿನ ಮುಗಿಯುವ ಕೆಲಸವಲ್ಲ.

ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸುವುದರ ಮಹತ್ವಕ್ಕೆ ಲಂಡನ್ನಿನ ಸುರಂಗ ರೈಲಿನ ನಕ್ಷೆ ಉತ್ತಮ ನಿದರ್ಶನ. ಪ್ರಯಾಣಿಕರಿಗೆ ಬೇಕಾದುದು ನಿಲ್ದಾಣಗಳ ಕ್ರಮ ಮತ್ತು ಬದಲಾಯಿಸುವ ಸ್ಥಳವೇ ಹೊರತು ನೆಲದ ಮೇಲಿನ ನಿಖರ ದೂರವಲ್ಲವೆಂದು ಕಂಡ ಹ್ಯಾರಿ ಬೆಕ್ ಎಂಬ ನಕ್ಷೆಗಾರ, 1931ರಲ್ಲಿ ಸರಳರೇಖೆಗಳ ನಕ್ಷೆಯೊಂದನ್ನು ಬರೆದನು. ಅಧಿಕಾರಿಗಳು ಮೊದಲು ಅದನ್ನು ತಿರಸ್ಕರಿಸಿದರು. 1932ರಲ್ಲಿ ಸುಮಾರು 500 ಪ್ರತಿಗಳನ್ನು ಹಂಚಿ ನೋಡಲಾಯಿತು. ಜನರು ಮೆಚ್ಚಿದ್ದರಿಂದ 1933ರ ಜನವರಿಯಲ್ಲಿ ಲಕ್ಷಗಟ್ಟಲೆ ಪ್ರತಿಗಳು ಅಚ್ಚಾದವು. ಆ ಕ್ರಮವನ್ನು ಇಂದು ಪ್ರಪಂಚದ ಅನೇಕ ನಗರಗಳು ಅನುಸರಿಸುತ್ತಿವೆ.

ಈ ವಿದ್ಯೆಗೆ ಪ್ರಯೋಗಶಾಲೆ ಬೇಕಾಗಿಲ್ಲ. ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕುಳಿತು, ಎಷ್ಟು ಮಂದಿ ಏನನ್ನು ಕೇಳುತ್ತಾರೆಂಬುದನ್ನು ಬರೆದಿಡಿ. ಪದೇ ಪದೇ ಕೇಳಿಬರುವ ಪ್ರಶ್ನೆಯ ಉತ್ತರವನ್ನು ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು, ಅನುಮತಿ ಪಡೆದು ತೂಗುಹಾಕಿ. ಮರುದಿನ ಮತ್ತೆ ಎಣಿಸಿರಿ. ಪ್ರಶ್ನೆಗಳು ಕಡಿಮೆಯಾಗಿದ್ದರೆ ನಿಮ್ಮ ಮಾದರಿ ಗೆದ್ದಿತು. ಆಗಿರದಿದ್ದರೆ ಏಕೆಂದು ಕೇಳುವವರನ್ನೇ ವಿಚಾರಿಸಿರಿ.