ರೋಬಾಟ್‌ಗೆ ಕಾಣದ ಎರಡು ಮಿಲಿಮೀಟರ್

ಬೆಂಗಳೂರಿನ ಪೀಣ್ಯದಲ್ಲಿ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗಿ, ವೆಲ್ಡರ್ ಕೂತ ಮೂಲೆಯಲ್ಲಿ ಐದು ನಿಮಿಷ ನಿಂತು ನೋಡಿ. ಬರಿಗಣ್ಣಲ್ಲಿ ಬೇಡ, ಒಂದು ಶೀಲ್ಡ್ ಇಸಿದುಕೊಳ್ಳಿ. ಮೇಜಿನ ಮೇಲೆ ಚೌಕ ಪೈಪಿನ ಫ್ರೇಮ್ ಇದೆ. ಕಟಿಂಗ್ ಮಾಡಿದವನ ಕೈ ಕೊಂಚ ಓರೆಯಾಗಿದೆ. ಹಾಗಾಗಿ ಕೂಡುವ ಜಾಗದಲ್ಲಿ ಒಂದು ತುದಿ ಕಚ್ಚಿಕೊಂಡು ಕೂತಿದ್ದರೆ ಇನ್ನೊಂದು ತುದಿಯಲ್ಲಿ ಎರಡು ಮಿಲಿಮೀಟರ್ ಗ್ಯಾಪ್. ವೆಲ್ಡರ್ ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಟಾರ್ಚ್ ಎಳೆಯುತ್ತ ಬಂದು, ಗ್ಯಾಪ್ ಅಗಲವಾಗುತ್ತಿದ್ದಂತೆ ಕೈ ನಿಧಾನ ಮಾಡುತ್ತಾನೆ. ಎಡಬಲಕ್ಕೆ ಸಣ್ಣಗೆ ಆಡಿಸಿ ಎರಡೂ ಅಂಚಿಗೆ ಲೋಹ ಹಿಡಿಸುತ್ತಾನೆ. ಕರಗಿದ ಲೋಹ ಜಾರಿ ತೂತು ಬೀಳುವ ಲಕ್ಷಣ ಕಂಡರೆ ಕ್ಷಣಕಾಲ ಆರ್ಕ್ ಕಡಿದು ಮತ್ತೆ ಹೊತ್ತಿಸುತ್ತಾನೆ. ಗ್ರೈಂಡರ್ ಆಡಿಸಿ ಬಣ್ಣ ಹೊಡೆದ ಮೇಲೆ ಅಲ್ಲೊಂದು ಗ್ಯಾಪ್ ಇತ್ತೆಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಂತೂ ಅದು ಕಾಣಿಸಿಕೊಳ್ಳುವುದೇ ಇಲ್ಲ.

ಅದೇ ಫ್ರೇಮನ್ನು ವೆಲ್ಡಿಂಗ್ ರೋಬಾಟ್‌ನ ಮುಂದಿಡಿ. ನಿನ್ನೆ ಕಲಿಸಿದ ಗೆರೆಯ ಮೇಲೆ, ನಿನ್ನೆಯದೇ ವೇಗದಲ್ಲಿ ಅದು ಟಾರ್ಚ್ ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿದ ಗಾಣದೆತ್ತು ಸುತ್ತುವ ಹಾಗೆ. ಗ್ಯಾಪ್ ಬಂದ ಕಡೆ ಪೈಪಿನ ಅಂಚು ಸುಟ್ಟು ತೂತು ಬೀಳುತ್ತದೆ, ಇಲ್ಲವೇ ಬೀಡ್, ಅಂದರೆ ಬೆಸುಗೆಯ ಲೋಹದ ಸಾಲು, ಒಂದೇ ಅಂಚಿಗೆ ಅಂಟಿ ಕೂರುತ್ತದೆ. ಯಂತ್ರದ ದೃಷ್ಟಿಯಲ್ಲಿ ಕೆಲಸ ಮುಗಿಯಿತು.

ಇಂಥ ರೋಬಾಟ್ ತೋಳುಗಳ ಕ್ಯಾಟಲಾಗ್‌ನಲ್ಲಿ ±0.05 ಮಿ.ಮೀ. ಎಂಬ ಅಂಕಿ ಸಾಮಾನ್ಯವಾಗಿ ಇರುತ್ತದೆ. ಕೊಳ್ಳುವವರು ಅದನ್ನು ನೋಡಿ ಮರುಳಾಗುವುದುಂಟು. ಆದರೆ ಅದು ತೋಳು ಕಲಿಸಿದ ಜಾಗಕ್ಕೆ ಎಷ್ಟು ಕರಾರುವಾಕ್ಕಾಗಿ ಮರಳಿ ಬರುತ್ತದೆ ಎಂಬುದರ ಲೆಕ್ಕ ಅಷ್ಟೇ. ಬೆಸೆಯಬೇಕಾದ ಜಾಯಿಂಟ್ ಅದೇ ಜಾಗದಲ್ಲಿ ಇದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಕ್ಯಾಟಲಾಗ್‌ನಲ್ಲಿ ಉತ್ತರವಿಲ್ಲ.

ಕಾರು ಕಾರ್ಖಾನೆಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಘಟಕವೊಂದರಲ್ಲಿ ‘ಯುನಿಮೇಟ್’ ಎಂಬ ಹೈಡ್ರಾಲಿಕ್ ತೋಳು ಕೆಲಸಕ್ಕೆ ನಿಂತಿತು. ಎರಕದ ಯಂತ್ರದಿಂದ ಬಿಸಿ ತುಂಡುಗಳನ್ನು ಎತ್ತಿಡುವುದು ಅದರ ಪಾಲಿನ ಕೆಲಸ. ಆ ದಶಕ ಮುಗಿಯುವಷ್ಟರಲ್ಲಿ ಅದರ ಸಂತತಿ ಕಾರಿನ ಮೈಗೆ ಸ್ಪಾಟ್ ವೆಲ್ಡಿಂಗ್ ಹಾಕತೊಡಗಿತ್ತು. ಅಲ್ಲಿ ಒಂದೇ ಡೈಯಲ್ಲಿ ಒತ್ತಿದ ಸಾವಿರಾರು ತುಂಡುಗಳು ಒಂದೇ ಅಚ್ಚಿನಂತೆ ಬರುತ್ತವೆ, ಕಣ್ಣಿಲ್ಲದವನಿಗೂ ದಾರಿ ತಪ್ಪುವುದಿಲ್ಲ. ಸಣ್ಣ ವರ್ಕ್‌ಶಾಪ್‌ಗೂ ರೋಬಾಟ್ ಬೇಗನೇ ಹೋಯಿತು ಎಂಬುದು ಹಲವರಿಗೆ ಗೊತ್ತಿಲ್ಲದ ಸಂಗತಿ. ಸ್ವೀಡನ್‌ನ ಅಸಿಯಾ ಕಂಪನಿ 1974ರಲ್ಲಿ ಪೂರ್ತಿ ವಿದ್ಯುತ್ತಿನಿಂದ ಓಡುವ, ಮೈಕ್ರೊಪ್ರೊಸೆಸರ್ ಹಿಡಿತದ ‘ಐಆರ್‌ಬಿ 6’ ತೋಳನ್ನು ಹೊರತಂದಾಗ ಮೊದಲು ಕೊಂಡದ್ದು ಆ ದೇಶದ ದಕ್ಷಿಣ ತುದಿಯ ಗೆನಾರ್ಪ್ ಎಂಬ ಊರಿನ ಒಂದು ಪುಟ್ಟ ಕಾರ್ಖಾನೆ. ಅಲ್ಲಿ ಅದಕ್ಕೆ ಕೊಟ್ಟದ್ದು ಬಾಗಿಸಿದ ಸ್ಟೇನ್‌ಲೆಸ್ ಪೈಪುಗಳನ್ನು ಪಾಲಿಶ್ ಮಾಡುವ ಕೆಲಸ, ವೆಲ್ಡಿಂಗ್ ಅಲ್ಲ. ಆಯ್ಕೆಯಲ್ಲಿ ಜಾಣತನವಿದೆ. ಪೈಪು ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ ಪಾಲಿಶ್ ಚಕ್ರ ಒತ್ತಿಕೊಂಡು ಹೊಂದಿಕೊಳ್ಳುತ್ತದೆ. ವೆಲ್ಡಿಂಗ್ ಹಾಗೆ ಹೊಂದಿಕೊಳ್ಳುವುದಿಲ್ಲ.

ಎಷ್ಟು ಹೊಂದಿಕೊಳ್ಳುವುದಿಲ್ಲ ಎಂದು ಲೆಕ್ಕ ಹಾಕಬಹುದು. ತಂತಿಯನ್ನೇ ಕರಗಿಸುತ್ತ ಬೆಸೆಯುವ ಮಿಗ್ ವೆಲ್ಡಿಂಗ್‌ನಲ್ಲಿ ಆ ತಂತಿಯ ದಪ್ಪ ಸಾಮಾನ್ಯವಾಗಿ 1.2 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ತಂತಿಯ ತುದಿ ಜಾಯಿಂಟ್‌ನಿಂದ ತನ್ನ ದಪ್ಪದ ಅರ್ಧಕ್ಕಿಂತ ಹೆಚ್ಚು ಸರಿಯಬಾರದು ಎಂಬುದು ರೋಬಾಟ್ ಕೂರಿಸುವವರ ರೂಢಿಯ ಲೆಕ್ಕ. ಅಂದರೆ 0.6 ಮಿ.ಮೀ. ಈಗ ಬಿಸಿಯ ಕಡೆ ನೋಡಿ. ಒಂದು ಮೀಟರ್ ಉದ್ದದ ಮೈಲ್ಡ್ ಸ್ಟೀಲ್ ಪಟ್ಟಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ, ಸ್ಟೇನ್‌ಲೆಸ್ ಆದರೆ ಇನ್ನೂ ಹೆಚ್ಚು. ಮೊದಲ ಬೀಡ್ ಎಳೆದು ಮುಗಿಸುವಷ್ಟರಲ್ಲಿ ಎರಡನೆಯ ಜಾಯಿಂಟ್ ತಾನಿದ್ದ ಜಾಗ ಬಿಟ್ಟಿರಬಹುದು. ತಣಿಯುವಾಗ ಬೀಡ್ ಸಂಕುಚಿಸಿ ಇಡೀ ಫ್ರೇಮನ್ನು ತನ್ನ ಕಡೆಗೆ ಎಳೆಯುತ್ತದೆ. ಸಾಲದ್ದಕ್ಕೆ, ಸುರುಳಿಯಿಂದ ಬಿಚ್ಚಿಕೊಂಡು ಬರುವ ತಂತಿ ತನ್ನ ಬಾಗನ್ನು ಪೂರ್ತಿ ಬಿಡುವುದಿಲ್ಲ. ಟಾರ್ಚ್‌ನ ತಾಮ್ರದ ಟಿಪ್ ಸವೆದಿದ್ದರಂತೂ ತಂತಿಯ ತುದಿ ಅತ್ತಿತ್ತ ತೊಯ್ದಾಡುತ್ತದೆ. ತೋಳಿನ 0.05 ಮಿ.ಮೀ. ನಿಖರತೆ ಇಷ್ಟೆಲ್ಲ ದಾಟಿ ಬರುವಷ್ಟರಲ್ಲಿ ಕರಗಿಹೋಗಿರುತ್ತದೆ.

ಹಾಗಾದರೆ ರೋಬಾಟ್‌ಗೆ ಕಣ್ಣು ಕೊಡಬಾರದೇ? ಕೊಡುತ್ತಾರೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ತುಂಬ ಹಿಡಿಸುವುದು ಅದನ್ನು ಕೊಡುವ ಬಗೆ. ಲೇಸರ್ ಗೆರೆ ಬೀರಿ ಕ್ಯಾಮೆರಾದಲ್ಲಿ ಜಾಯಿಂಟ್ ಹುಡುಕುವ ಸೆನ್ಸರ್‌ಗಳಿವೆ, ಅವು ದುಬಾರಿ. ಅದಕ್ಕಿಂತ ಸರಳವಾದ ದಾರಿಯಲ್ಲಿ ವೆಲ್ಡಿಂಗ್ ತಂತಿಯೇ ಬೆರಳಾಗುತ್ತದೆ. ಆರ್ಕ್ ಹೊತ್ತಿಸುವ ಮೊದಲು ತಂತಿಗೆ ಸಣ್ಣ ವೋಲ್ಟೇಜ್ ಕೊಟ್ಟು, ರೋಬಾಟ್ ಅದನ್ನು ಪ್ಲೇಟಿಗೆ ನಿಧಾನವಾಗಿ ಮುಟ್ಟಿಸುತ್ತದೆ. ಮುಟ್ಟಿದೊಡನೆ ಸರ್ಕ್ಯೂಟ್ ಕೂಡುತ್ತದೆ, ಆ ಬಿಂದು ಕಂಟ್ರೋಲರ್‌ನ ನೆನಪಿಗೆ ಹೋಗುತ್ತದೆ. ಅಡ್ಡ ಪ್ಲೇಟು, ನಿಂತ ಪ್ಲೇಟು ಎರಡನ್ನೂ ಮುಟ್ಟಿದರೆ ಅವು ಕೂಡುವ ಮೂಲೆ ಎಲ್ಲಿದೆ ಎಂಬುದು ಸಿಗುತ್ತದೆ, ಕಲಿಸಿದ ಗೆರೆಯನ್ನು ಅಷ್ಟು ಸರಿಸಿದರಾಯಿತು.

ಇನ್ನೊಂದು ಬಗೆಯಲ್ಲಿ ಆರ್ಕೇ ಸುಳಿವು ಕೊಡುತ್ತದೆ. ಮಿಗ್ ಯಂತ್ರ ವೋಲ್ಟೇಜನ್ನು ಹೆಚ್ಚುಕಡಿಮೆ ಸ್ಥಿರವಾಗಿ ಇಡುತ್ತದೆ. ಟಾರ್ಚ್ ಲೋಹಕ್ಕೆ ಹತ್ತಿರವಾದರೆ ಟಿಪ್‌ನಿಂದ ಹೊರಚಾಚಿದ ತಂತಿ ಗಿಡ್ಡವಾಗಿ, ಅದರ ರೋಧ ಇಳಿದು, ಕರೆಂಟ್ ಏರುತ್ತದೆ. ದೂರವಾದರೆ ಇಳಿಯುತ್ತದೆ. ಮೂಲೆ ಜಾಯಿಂಟ್‌ನಲ್ಲಿ ಟಾರ್ಚನ್ನು ಎಡಬಲಕ್ಕೆ ಓಲಾಡಿಸುತ್ತ ಹೋದಾಗ ಪ್ರತಿ ಬದಿಯಲ್ಲೂ ಗೋಡೆ ಹತ್ತಿರ ಬಂದು ಕರೆಂಟ್ ಒಮ್ಮೆ ಮೇಲೇಳುತ್ತದೆ. ಎರಡೂ ಏರು ಸಮವಾಗಿದ್ದರೆ ಟಾರ್ಚ್ ನಡುವೆ ಇದೆ. ಎಡಗಡೆಯ ಏರು ಹೆಚ್ಚಾದರೆ ಟಾರ್ಚ್ ಎಡಕ್ಕೆ ವಾಲಿದೆ, ಬಲಕ್ಕೆ ಸರಿಸು. ಹೊರಗಿನ ಯಾವ ಕಣ್ಣೂ ಇಲ್ಲದೆ, ಕಣ್ಣು ಕೋರೈಸುವ ಆ ಬೆಂಕಿಯ ನಡುವೆಯೇ ದಾರಿ ಸಿಗುತ್ತದೆ. ಆದರೆ ಇದು ದಪ್ಪ ಪ್ಲೇಟಿನ ಮೂಲೆಗಳಿಗೆ ಒಗ್ಗುವ ಉಪಾಯ. ತೆಳು ಶೀಟ್ ಅಂಚಿಗೆ ಅಂಚು ಕೂಡಿದಲ್ಲಿ ಏರಲು ಗೋಡೆಯೇ ಇರುವುದಿಲ್ಲ. ಅಲ್ಲದೆ ಜಾಯಿಂಟ್ ಎಲ್ಲಿದೆ ಎಂದು ತಿಳಿದ ಮಾತ್ರಕ್ಕೆ ಎರಡು ಮಿಲಿಮೀಟರ್ ಗ್ಯಾಪ್ ತುಂಬುವ ಕೈಚಳಕ ಬಂದಂತಾಗಲಿಲ್ಲ.

ಹೀಗಾಗಿ ರೋಬಾಟ್ ತಂದ ಶೆಡ್‌ಗಳಲ್ಲಿ ನಿಜವಾಗಿ ಬದಲಾಗುವುದು ವೆಲ್ಡಿಂಗ್‌ಗಿಂತ ಹಿಂದಿನ ಕೆಲಸಗಳು. ಕಟಿಂಗ್ ಚಕ್ರದ ಜಾಗಕ್ಕೆ ಲೇಸರ್ ಕಟಿಂಗ್ ಬರುತ್ತದೆ. ಡ್ರಾಯಿಂಗ್ ಮಾಡುವವರು ಒಂದು ತುಂಡಿನ ಅಂಚಿಗೆ ಪುಟ್ಟ ನಾಲಗೆ, ಇನ್ನೊಂದಕ್ಕೆ ಅದಕ್ಕೆ ತಕ್ಕ ಕಂಡಿ ಇಡುತ್ತಾರೆ, ತಪ್ಪಾಗಿ ಕೂರಿಸಲು ಬಾರದ ಹಾಗೆ. ಬೆಂಡಿಂಗ್‌ನಲ್ಲಿ ತಲೆನೋವು ಬೇರೆ. ಬಾಗಿಸಿ ಬಿಟ್ಟ ಶೀಟು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ 90 ಡಿಗ್ರಿ ಬೇಕಾದರೆ ಒಂದೆರಡು ಡಿಗ್ರಿ ಹೆಚ್ಚಿಗೆ ಬಗ್ಗಿಸಬೇಕು. ಬೇರೆ ಲಾಟಿನ ಶೀಟು ಬಂದರೆ, ದಪ್ಪವೂ ಗಡಸುತನವೂ ಕೊಂಚ ಬದಲಾಗಿ, ಆ ಲೆಕ್ಕವೂ ತಪ್ಪುತ್ತದೆ. ಇದನ್ನೆಲ್ಲ ಇಷ್ಟು ದಿನ ಕೊನೆಯಲ್ಲಿ ಕೂತ ವೆಲ್ಡರ್ ನುಂಗಿಕೊಳ್ಳುತ್ತಿದ್ದ. ರೋಬಾಟ್ ಬಂದ ಮೇಲೆ ನುಂಗುವವರಿಲ್ಲ. ತುಂಡುಗಳನ್ನು ಒಂದೇ ಜಾಗದಲ್ಲಿ ಬಿಗಿಹಿಡಿಯುವ ಫಿಕ್ಸ್ಚರ್ ಮಾಡುವವರಿಗೆ ಬೆಲೆ ಬರುತ್ತದೆ. ಎಲ್ಲಿ ಕ್ಲ್ಯಾಂಪ್ ಹಾಕಬೇಕು, ಬಿಸಿಗೆ ಹಿಗ್ಗಲು ಎಲ್ಲಿ ಜಾಗ ಬಿಡಬೇಕು, ಯಾವ ಬೀಡ್ ಮೊದಲು ಎಳೆದರೆ ಫ್ರೇಮ್ ಸೊಟ್ಟಗಾಗುವುದಿಲ್ಲ ಎಂಬುದು ಹಳೆಯ ವೆಲ್ಡರ್‌ಗೆ ಗೊತ್ತಿರುವಷ್ಟು ಪ್ರೋಗ್ರಾಮ್ ಬರೆಯಲು ಕಲಿತ ಹುಡುಗನಿಗೆ ಗೊತ್ತಿರುವುದಿಲ್ಲ. ಹಳಬರನ್ನು ಮನೆಗೆ ಕಳಿಸಿ ಆ ಹುಡುಗನನ್ನು ಇಟ್ಟುಕೊಳ್ಳುವುದು ದುಬಾರಿಯ ಉಳಿತಾಯ ಎಂದು ನನ್ನ ಅಭಿಪ್ರಾಯ.

ಡೆನ್ಮಾರ್ಕ್‌ನ ಓಡೆನ್ಸೆಯ ಕಂಪನಿಯೊಂದು 2008ರಲ್ಲಿ ಮಾರತೊಡಗಿದ ಹಗುರ ತೋಳುಗಳು, ಅಂದರೆ ಕೋಬಾಟ್‌ಗಳು, ಹಳೆಯ ವೆಲ್ಡರ್‌ಗೂ ಪ್ರೋಗ್ರಾಮ್ ಬರೆಯುವ ಹುಡುಗನಿಗೂ ನಡುವಿನ ಈ ಅಂತರವನ್ನು ಸ್ವಲ್ಪ ತಗ್ಗಿಸಿವೆ. ವೆಲ್ಡರ್ ತೋಳನ್ನೇ ಹಿಡಿದು ಜಾಯಿಂಟ್‌ನ ಗುಂಟ ನಡೆಸಿ, ಇಲ್ಲಿ ಶುರು, ಇಲ್ಲಿ ನಿಲ್ಲಿಸು ಎಂದು ಗುಂಡಿ ಒತ್ತಿ ಕಲಿಸಬಹುದು. ಮೈಗೆ ತಾಗಿದರೆ ತೋಳು ನಿಲ್ಲುವುದರಿಂದ ಬೇಲಿ ಬೇಡ ಎಂದು ಮಾರುವವರು ಹೇಳುತ್ತಾರೆ. ತೋಳೇನೋ ಸಾಧು. ಅದರ ತುದಿಯಲ್ಲಿ ಉರಿಯುವ ಆರ್ಕ್ ಸಾವಿರಾರು ಡಿಗ್ರಿಯದು, ಅತಿನೇರಳೆ ಕಿರಣ ಚೆಲ್ಲುವಂಥದು. ಪರದೆ ಬೇಕೇ ಬೇಕು.

ಹೊಗೆಯ ಮಾತನ್ನೂ ಇಲ್ಲೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕೈಯಿಂದ ಬೆಸೆಯುವಾಗ ಮುಖ ಆ ಹೊಗೆಯ ಮೇಲೇ ಬಾಗಿರುತ್ತದೆ. ರೋಬಾಟ್ ಪರವಾಗಿ ನಾನು ಒಂದೇ ವಾದ ಹೂಡಬೇಕಾದರೆ ಉತ್ಪಾದನೆಯ ಲೆಕ್ಕ ಬಿಟ್ಟು ಇದನ್ನೇ ಹೂಡುತ್ತೇನೆ.

ಮಾಲೀಕರಿಗೆ ಮಾತ್ರ ಲೆಕ್ಕ ಬೇಕು. ಒಂದು ಜಾಬ್‌ಗೆ ಕೈಯಲ್ಲಿ ನಾಲ್ಕು ನಿಮಿಷ, ರೋಬಾಟ್‌ನಲ್ಲಿ ಒಂದೂವರೆ ನಿಮಿಷ ಎಂದಿಟ್ಟುಕೊಳ್ಳಿ. ಹೊಸ ಜಾಬ್ ಕಲಿಸಿ, ಫಿಕ್ಸ್ಚರ್ ಕೂರಿಸಲು ಮೂರು ತಾಸು. ಒಂದಕ್ಕೆ ಎರಡೂವರೆ ನಿಮಿಷ ಉಳಿದರೆ ಆ ಮೂರು ತಾಸು ವಾಪಸ್ ಬರಲು 72 ಜಾಬ್ ಆಗಬೇಕು. ಇಪ್ಪತ್ತು ಗೇಟಿನ ಆರ್ಡರ್‌ಗೆ ಇದು ನಷ್ಟದ ಬಾಬತ್ತು, ತಿಂಗಳಿಗೆ ಐನೂರು ಬ್ರ್ಯಾಕೆಟ್ ಕಳಿಸುವವರಿಗೆ ಲಾಭದ್ದು. ಅವರೂ ಕೊಟೇಷನ್‌ಗೆ ಸಹಿ ಹಾಕುವ ಮೊದಲು ತಾತ್ಕಾಲಿಕ ಬೆಸುಗೆಯ ಟ್ಯಾಕ್ ಹಾಕಿಟ್ಟ ಹತ್ತು ಬ್ರ್ಯಾಕೆಟ್ ತೆಗೆದು, ಪ್ರತಿ ಜಾಯಿಂಟ್‌ಗೂ ಗ್ಯಾಪ್ ಗೇಜ್ ತೂರಿಸಿ ನೋಡಲಿ. ಗೇಜಿನ ಅರ್ಧ ಮಿಲಿಮೀಟರ್ ದಪ್ಪದ ಎಲೆ ಎಲ್ಲ ಕಡೆ ಸಲೀಸಾಗಿ ನುಗ್ಗುತ್ತಿದ್ದರೆ ಆ ವರ್ಷದ ದುಡ್ಡು ಬೆಂಡಿಂಗ್ ಯಂತ್ರಕ್ಕೆ ಹೋಗಬೇಕು.