ಅಂಗಳದ ತುಂತುರು ಮಳೆ

ಮಟ್ಟು ಎಂದೊಡನೆ ನೆನಪಾಗುವುದು ಗುಳ್ಳ. ವಾದಿರಾಜ ಗುರುಗಳು ಬೀಜವಿತ್ತು ಹರಸಿದರೆಂದು ಜನ ನಂಬುವ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಬದನೆಯು ಕಡಲಂಚಿನ ಹೊಯ್ಗೆ ನೆಲದ ಕೂಸು. ಗಿಡದ ಬುಡಕ್ಕೆ ಕೊಡದಿಂದ ನೀರೆರೆದು ಸಾಕಿದ ಸೀಮೆಯಲ್ಲಿ ಇಂದು ಮನೆಯಂಗಳಕ್ಕೆ ಹುಲ್ಲುಹಾಸೂ, ಅದರ ನಡುವೆ ಗಿರ್ರನೆ ತಿರುಗುವ ಸ್ಪ್ರಿಂಕ್ಲರೂ ಬಂದರೆ ಆಶ್ಚರ್ಯವೇನಿಲ್ಲ.

ಆದರೆ ಹೊಯ್ಗೆ ಈ ಯಂತ್ರದ ಬದ್ಧವೈರಿ. ಬಾವಿಯ ತಳಕ್ಕೆ ತೀರ ಸಮೀಪವಾಗಿ ಪಂಪಿನ ಕೊಳವೆ ಇಳಿಸಿದರೆ ನೀರಿನೊಡನೆ ಮರಳೂ ಏರಿ, ಮೂತಿಯ ಕಿರುರಂಧ್ರದಲ್ಲಿ ಕೂರುತ್ತದೆ. ತುಂತುರು ಒಂದೇ ಕಡೆಗೆ ಹರಿದು, ಹುಲ್ಲು ಅಲ್ಲಲ್ಲಿ ಹಳದಿಯಾಗತೊಡಗಿದರೆ ರೋಗವಿದೇ ಎಂದು ಶಂಕಿಸಬಹುದು. ಆಗ ಪಂಪು ನಿಲ್ಲಿಸಿ, ಮೂತಿಯನ್ನು ಬಿಚ್ಚಿ, ಅದರೊಳಗಿನ ಪುಟ್ಟ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಬೇಕು. ಸೂಜಿ, ತಂತಿಗಳಿಂದ ಚುಚ್ಚುವ ಉತ್ಸಾಹ ಬೇಡ. ರಂಧ್ರ ಹಿಗ್ಗಿದರೆ ಹನಿಯ ಬದಲು ಧಾರೆ ಸುರಿಯುತ್ತದೆ. ಸುಣ್ಣದಂಥ ಬಿಳಿ ಪದರ ಕಟ್ಟಿದ್ದರೆ ವಿನೆಗರಿನಲ್ಲಿ ಕೆಲವು ಗಂಟೆ ನೆನೆಸುವುದು ಲೇಸು. ಮೂತಿಗಳನ್ನು ಮರಳಿ ಕೂಡಿಸುವ ಮುನ್ನ ಕೊಳವೆಯ ತುದಿಯ ಮುಚ್ಚಳ ತೆಗೆದು, ಕೆಸರು ಹೋಗಿ ತಿಳಿನೀರು ಬರುವವರೆಗೆ ನೀರು ಹರಿಯಗೊಡಬೇಕು. ಈ ಒಂದನ್ನು ಮರೆತರೆ ತೊಳೆದ ಮೂತಿ ಮರುದಿನವೇ ಮತ್ತೆ ಕಟ್ಟಿಕೊಂಡೀತು.

ಸೋರುವ ಕೀಲುಗಳ ಮಾತು ಇನ್ನೂ ಗಂಭೀರ. ಕಡಲತೀರದ ನೆಲದೊಳಗೆ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಹಾಲೆಂಡಿನ ಘೈಬೆನ್, ಜರ್ಮನಿಯ ಹೆರ್ಸ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕದಂತೆ, ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ನಿಂತ ಸಿಹಿನೀರು ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪನ್ನು ತಡೆದಿಟ್ಟಿರುತ್ತದೆ. ಮೇಲಿನ ಅಡಿಯೊಂದನ್ನು ಪಂಪು ಹೀರಿದಂತೆ ಕೆಳಗಿನ ಉಪ್ಪು ಮೇಲೇರುತ್ತದೆ. ಹುಲ್ಲಿಗಾಗಿ ವ್ಯರ್ಥವಾದ ನೀರಿನ ಬೆಲೆಯನ್ನು ನೆರೆಯ ಗುಳ್ಳದ ಗದ್ದೆಯೂ, ಕುಡಿಯುವ ನೀರಿನ ಬಾವಿಯೂ ತೆರಬೇಕಾದೀತು. ಎಲೆಯಂಚು ಸುಟ್ಟಂತೆ ಕಂದುವುದು ಉಪ್ಪಿನ ಮುನ್ಸೂಚನೆಯಿರಬಹುದು. ನಾಲಗೆಗೆ ರುಚಿ ತಟ್ಟುವವರೆಗೆ ಕಾಯದೆ ನೀರನ್ನು ಪರೀಕ್ಷಿಸಿಕೊಳ್ಳುವುದು ಜಾಣತನ.

ಕಡಲ ಗಾಳಿ ಏಳುವ ಮೊದಲು, ಬೆಳಗಿನ ಜಾವದಲ್ಲಿ ಯಂತ್ರ ನಡೆಸಿದರೆ ತುಂತುರು ಬೀದಿಯ ಪಾಲಾಗದು. ಜೂನಿನಲ್ಲಿ ಮಳೆ ಹಿಡಿದೊಡನೆ ಮೂತಿಗಳನ್ನು ಕಳಚಿ, ತೊಳೆದು, ಒಣಗಿಸಿ, ಡಬ್ಬಿಯೊಂದರಲ್ಲಿಟ್ಟು, ಬಾಯ್ದೆರೆದ ಕೊಳವೆಗಳಿಗೆ ಬಿರಡೆ ಹಾಕಬೇಕು. ಆಟಿಯ ಮಳೆಯಲ್ಲಿ ತೆರೆದ ಕೊಳವೆ ಇರುವೆಗಳಿಗೆ ಒಳ್ಳೆಯ ಬಿಡಾರ.