ಶಿವನಸಮುದ್ರದ ಹಳೆ ಫೋಟೋ ಯಾರ ಸ್ವತ್ತು?

ಹೊಳೆನರಸೀಪುರದ ಹೇಮಾವತಿಯೂ, ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರ ದಾಟಿ ಬರುವ ಕಾವೇರಿಯೂ ಕೃಷ್ಣರಾಜಸಾಗರದಲ್ಲಿ ಒಂದಾಗಿ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತವೆ. ಅಲ್ಲಿಂದ 1902ರ ಜೂನ್ 30ರಂದು ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಹಾಸನ ಸೀಮೆಯ ನೀರಿನ ಕಥೆ ಬರೆಯುವವರಿಗೆ, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ತರುವವರಿಗೆ ಆ ಪವರ್ ಹೌಸಿನ ಹಳೆಯ ಫೋಟೋ ಒಂದು ಬೇಕೆನಿಸುವುದು ಸಹಜ. ಅಚ್ಚಿಗೆ ಕಳಿಸುವ ಹೊತ್ತಿಗೆ ಯಾರೋ ಅನುಮಾನ ಎತ್ತುತ್ತಾರೆ, ಇನ್ಯಾರೋ ‘ಫೇರ್ ಯೂಸ್ ಅಂತ ಹಾಕ್ಕೊಳ್ಳಿ, ಏನೂ ಆಗಲ್ಲ’ ಎಂದು ಧೈರ್ಯ ಹೇಳುತ್ತಾರೆ. ಈ ಧೈರ್ಯ ನಿಜಕ್ಕೂ ಹಳೆಯದಾದ ಫೋಟೋಗೆ ಬೇಕಿಲ್ಲ, ಇತ್ತೀಚಿನದಕ್ಕೆ ಸಾಲುವುದಿಲ್ಲ.

ಮೊದಲು ಕೇಳಬೇಕಾದದ್ದು ಫೋಟೋದ ವಯಸ್ಸು. ಬ್ರಿಟಿಷರ ಕಾಲದ ಕಾನೂನಿನಲ್ಲಿ ನೆಗೆಟಿವ್ ತಯಾರಾದ 50 ವರ್ಷಕ್ಕೆ ಹಕ್ಕು ಮುಗಿಯುತ್ತಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಟವಾದ ವರ್ಷದಿಂದ ಎಣಿಸತೊಡಗಿತು: ಮೊದಲು 50 ವರ್ಷ, 1992ರ ತಿದ್ದುಪಡಿಯ ಮೇಲೆ 60. 2012ರ ತಿದ್ದುಪಡಿ ಫೋಟೋಗ್ರಾಫರನನ್ನೂ ಸಾಹಿತಿಯ ಸಾಲಿಗೆ ಸೇರಿಸಿತು. ಅವನ ಆಯುಷ್ಯದ ಮೇಲೆ ಇನ್ನೂ 60 ವರ್ಷ ಹಕ್ಕು. ಆದರೆ ಆಗಲೇ ಮುಗಿದುಹೋದ ಹಕ್ಕಿಗೆ ಜೀವ ಕೊಡುವ ಮಾತು ಅದರಲ್ಲಿಲ್ಲ. 1902ರಲ್ಲೇ ಅಚ್ಚಾದ ಚಿತ್ರ ಹೇಗೆ ಎಣಿಸಿದರೂ 1960ರ ದಶಕ ದಾಟುವುದಿಲ್ಲ. ತೊಡಕಿರುವುದು ಆ ‘1902’ರಲ್ಲೇ. ಶಿವನಸಮುದ್ರದ ಸ್ಥಾವರ ಹಂತಹಂತವಾಗಿ ಬೆಳೆದದ್ದು. ಮೊಬೈಲಿನಲ್ಲಿ ಸುತ್ತುವ ಚಿತ್ರದ ಕೆಳಗೆ ಯಾರೋ ಬರೆದ ಇಸವಿಯನ್ನು ನಂಬಿ ಕೂರುವಂತಿಲ್ಲ. ಗುಡ್ಡದಿಂದ ಇಳಿಯುವ ನೀರಿನ ಕೊಳವೆಗಳೆಷ್ಟು, ಒಳಗೆ ಸಾಲಾಗಿ ನಿಂತ ಯಂತ್ರಗಳೆಷ್ಟು ಎಂದು ನೋಡಬೇಕು. ಮೂಲ ಪ್ರತಿ ಸಿಕ್ಕರೆ ಹಿಂಬದಿಯ ರಟ್ಟಿನ ಮೇಲೆ ಸ್ಟುಡಿಯೋದ ಮೊಹರು ಇದೆಯೇ ಎಂದು ತಿರುಗಿಸಿ ನೋಡಬೇಕು. ಅದೇ ಚಿತ್ರ ಆ ಕಾಲದ ಯಾವುದಾದರೂ ವರದಿಯಲ್ಲಿ ಅಚ್ಚಾಗಿದ್ದರೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಫೇರ್ ಯೂಸ್ ಅಮೆರಿಕದ ಸರಕು. ಅಲ್ಲಿನ 1976ರ ಕಾಯ್ದೆಯ 107ನೇ ವಿಧಿ ಬಳಕೆಯ ಉದ್ದೇಶ, ಕೃತಿಯ ಸ್ವರೂಪ, ಬಳಸಿದ ಪ್ರಮಾಣ, ಮಾರುಕಟ್ಟೆಗೆ ಬೀಳುವ ಪೆಟ್ಟು ಈ ನಾಲ್ಕನ್ನು ಮುಂದಿಟ್ಟು ತೀರ್ಮಾನವನ್ನು ನ್ಯಾಯಾಧೀಶರಿಗೆ ಬಿಡುತ್ತದೆ. ಒಂದು ಸಂಗೀತ ತಂಡದ ಹಳೆಯ ಪೋಸ್ಟರುಗಳನ್ನು ಅದರ ಚರಿತ್ರೆಯ ಪುಸ್ತಕದಲ್ಲಿ ಚಿಕ್ಕದಾಗಿ ಅಚ್ಚುಮಾಡಿದ್ದನ್ನು 2006ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಒಪ್ಪಿದ್ದು ಹೀಗೆಯೇ. ನಮ್ಮ ಕಾಯ್ದೆಯ 52ನೇ ವಿಧಿಗೆ ಅಷ್ಟು ಸಡಿಲವಿಲ್ಲ. ಸ್ವಂತ ಉಪಯೋಗ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಎಂದು ಅದು ಉದ್ದೇಶಗಳನ್ನು ಹೆಸರಿಸಿಯೇ ಹೇಳುತ್ತದೆ. ಪಾಠಕ್ಕೆ ಬೇರೆ ವಿನಾಯಿತಿ ಇದೆ. ಫೋಟೋದಲ್ಲಿ ಎಂಜಿನಿಯರುಗಳು ಮುಂದೆ ನಿಂತು ಕೂಲಿಯವರು ಅಂಚಿಗೆ ಸರಿದದ್ದೇಕೆ ಎಂದು ಚರ್ಚಿಸುವ ಲೇಖನ ಆ ಫೋಟೋ ಹಾಕಿದರೆ ವಿಮರ್ಶೆ ಎನ್ನಬಹುದು. ಚೆಂದ ಕಾಣಲಿ ಎಂದು ಮುಖಪುಟ ತುಂಬಿಸಿದರೆ ಆ ಮಾತು ನಿಲ್ಲದು. ‘ದುಡ್ಡು ಮಾಡುತ್ತಿಲ್ಲ, ಕೃಪೆ ಎಂದೂ ಹಾಕಿದ್ದೇವೆ’ ಎಂಬ ವಾದವಿದೆ. ಕೃಪೆ ಹಾಕುವುದು ಮರ್ಯಾದೆ. ಅನುಮತಿ ಬೇರೆ.

ಇದಕ್ಕೆ ಎದುರಾಗಿ ಇನ್ನೊಂದು ಮಾತು ಬರುತ್ತದೆ: ಫೋಟೋ ಜೋಪಾನ ಮಾಡಿ, ಖರ್ಚುಮಾಡಿ ಸ್ಕ್ಯಾನ್ ತೆಗೆದ ಸಂಸ್ಥೆಗೆ ಏನೂ ಹಕ್ಕಿಲ್ಲವೇ? ಶ್ರಮ ದೊಡ್ಡದು, ಒಪ್ಪೋಣ. ಆದರೆ ಬರೀ ದುಡಿಮೆಯಿಂದ ಕೃತಿಸ್ವಾಮ್ಯ ಹುಟ್ಟುವುದಿಲ್ಲ, ಸ್ವಲ್ಪವಾದರೂ ಸ್ವಂತಿಕೆ ಬೇಕು ಎಂದು ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಆ ತೀರ್ಪು ಕಾನೂನು ವರದಿಗಳ ಕುರಿತಾದದ್ದು ನಿಜ. ಆದರೂ ಇದ್ದದ್ದನ್ನು ಇದ್ದಂತೆ ಸ್ಕ್ಯಾನ್ ಮಾಡಿದ್ದಕ್ಕೆ ಆ ಅಳತೆಯಲ್ಲಿ ಹೊಸ ಹಕ್ಕು ದಕ್ಕುವುದು ಕಷ್ಟ. ಪ್ರತಿ ಕೊಡುವಾಗ ಸಂಸ್ಥೆ ಶುಲ್ಕವನ್ನೋ ಷರತ್ತನ್ನೋ ಹಾಕಿದರೆ ಅದು ಪಡೆದವರ ಜೊತೆಗಿನ ಕರಾರು, ಅಷ್ಟೇ.

ನಿಜವಾದ ಪೇಚು ನಮಗೆ ಹತ್ತಿರದ ಕಾಲದ್ದು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ವರ್ಷ ಸರ್ಕಾರವೇ ತೆಗೆಸಿ ಪ್ರಕಟಿಸಿದ ಫೋಟೋ 2039 ಮುಗಿಯುವವರೆಗೂ ಸರ್ಕಾರದ್ದೇ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಕೆಲಸವನ್ನು ಊರಿನ ಸ್ಟುಡಿಯೋದವರು ತಾವಾಗಿ ತೆಗೆದಿಟ್ಟಿದ್ದರೆ ಹಕ್ಕು ಅವರದು. ಗುತ್ತಿಗೆದಾರ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅವನದು. ಇಂಥ ಚಿತ್ರಕ್ಕೆ ಫೇರ್ ಯೂಸಿನ ನೆಪಕ್ಕಿಂತ ಅಗ್ಗದ ದಾರಿ ಇದೆ. ಸ್ಟುಡಿಯೋ ಮುಚ್ಚಿದ್ದರೂ ಮನೆಯವರು ಅದೇ ಊರಲ್ಲಿ ಇರುತ್ತಾರೆ. ಎರಡು ಸಾಲಿನ ಒಪ್ಪಿಗೆ ಬರೆಸಿಕೊಂಡು, ಸಂಚಿಕೆಯ ಒಂದು ಪ್ರತಿ ಕಳಿಸುತ್ತೇವೆ ಎಂದರೆ ಬೇಡವೆನ್ನುವವರು ಕಡಿಮೆ.